ಗೋಡೆಗಂಟಿದ ನೆಂಟರು

ನಮ್ಮ ಗೌರಿ ಮನೆಗೆ ಬಂದಳು! ಇದನ್ನು ಮೊದಲು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಇವತ್ತು ಬೆಳಿಗ್ಗೆ ಚಿಂತಾಮಣಿ ಕಡೆಯ ಬಸ್ಸಿನಿಂದ, ಹೆತ್ತ ತಾಯಿಯ ಕಂಕುಳಲ್ಲೂ ಅಲ್ಲ, ಅಮ್ಮಮ್ಮನ ಕಂಕುಳಲ್ಲಿ ಕೂತು, ಹಳದಿ ಉಲ್ಲನ್ ಟೋಪಿಯೊಳಗಿಂದ ಲೋಕವನ್ನೆಲ್ಲ ವಿಚಾರಿಸಿಕೊಳ್ಳುತ್ತ, ಕೆಳಗಿನ ಒಸಡಿನಲ್ಲಿ ಅಕ್ಕಿನುಚ್ಚಿನಷ್ಟು ಎರಡು ಹೊಸ ಹಲ್ಲುಗಳ ಸಮೇತ ಬಂದಿಳಿದಳು. ಹೋಗುವಾಗ ಆ ಹಲ್ಲು ಇರಲಿಲ್ಲ. ಅವು ಮೊಳೆತದ್ದನ್ನು ನಾನು ನೋಡಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು ಒಂದು ಗಳಿಗೆ ಸುಟ್ಟಿತು. ಆದರೆ ಮಗು ಆ ಎರಡು ಹಲ್ಲನ್ನೂ ತೋರಿಸಿ ನಕ್ಕಾಗ ಕಿಚ್ಚೂ ಇಲ್ಲ, ಬೂದಿಯೂ ಇಲ್ಲ. ನಾನು ಓದಿದ್ದು ಮೂರನೆಯ ತರಗತಿಯವರೆಗೆ. ಈ ಬರಹದಲ್ಲಿ ಕಾಗುಣಿತ ಅಲ್ಲಲ್ಲಿ ಎಡವಿದ್ದರೆ, ಕುಣಿಯುವ ಕೈ ಬರೆದದ್ದು ಎಂದು ತಿಳಿದು ಸರಿಮಾಡಿಕೊಂಡು ಓದಿ.

ಗೌರಿ ನನ್ನ ಮಗ ಕೃಷ್ಣಪ್ಪನ ಮಗಳು, ನಮ್ಮ ಮನೆಯ ಮೊದಲ ಮೊಮ್ಮಗಳು, ಹತ್ತು ತಿಂಗಳ ಕೂಸು. ಬಾಣಂತನ ಮುಗಿಸಿಕೊಂಡು ಐದನೆಯ ತಿಂಗಳಲ್ಲಿ ಬಂದವಳು ಎಂಟನೆಯ ತಿಂಗಳಲ್ಲಿ ಮತ್ತೆ ತಾಯಿಯ ತವರಾದ ಕೆಂಚಾರ್ಲಹಳ್ಳಿಗೆ ಹೊರಟುಹೋಗಿದ್ದಳು. ಹೊರಟುಹೋದಳು ಎಂದರೆ ತಪ್ಪಾದೀತು, ಎತ್ತಿಕೊಂಡು ಹೋದರು. ಎರಡು ತಿಂಗಳು ಜಂಗಮಕೋಟೆಯ ಈ ಮನೆಯಲ್ಲಿ ತೊಟ್ಟಿಲು ಖಾಲಿ ತೂಗಿತು. ಅದಕ್ಕೆ ಕಾರಣ ಜಗಳವಲ್ಲ, ಜಾತಕವಲ್ಲ, ಅತ್ತೆಯ ನಾಲಿಗೆಯೂ ಅಲ್ಲ. ಕಾರಣ, ನಂಬಿದರೆ ನಂಬಿ, ಒಂದು ಜೇಡ.

ನೀವೂ ಈ ಜೇಡವನ್ನು ನೋಡಿಯೇ ಇರುತ್ತೀರಿ. ಮೂಲೆಯಲ್ಲಿ ಬಲೆ ಕಟ್ಟಿಕೊಂಡು ನಡುಮನೆಗೆ ಯಜಮಾನನಂತೆ ತೂಗುವ ಆ ಉಬ್ಬುಹೊಟ್ಟೆಯದಲ್ಲ. ಇದು ಗೋಡೆಯ ಜೇಡ. ಹಗಲೆಲ್ಲ ಎಲ್ಲಿರುತ್ತದೋ ತಿಳಿಯದು; ದೀಪ ಹಚ್ಚುವ ಹೊತ್ತಿಗೆ, ಯಾರೋ ಬೂದಿಬಣ್ಣದಲ್ಲಿ ಚಿತ್ತಾರ ಬರೆಯಲು ಕೂತು ಅರ್ಧಕ್ಕೇ ಎದ್ದು ಹೋದಂತೆ, ಎಂಟು ಪಟ್ಟೆಕಾಲುಗಳನ್ನು ಎರಡೂ ಪಕ್ಕಕ್ಕೆ ಹರವಿಕೊಂಡು ಗೋಡೆಗೆ ಅಂಟಿಕೊಂಡಿರುತ್ತದೆ. ಬಹಳ ಚಪ್ಪಟೆ. ಭಗವಂತ ಮಿಕ್ಕ ಜೇಡಗಳನ್ನೆಲ್ಲ ಉಂಡೆ ಕಟ್ಟಿ ಮುಗಿಸಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಹಿಟ್ಟನ್ನು ರೊಟ್ಟಿ ತಟ್ಟಿ ಗೋಡೆಗೆಸೆದನೋ ಏನೋ! ಕ್ಯಾಲೆಂಡರಿಗೂ ಗೋಡೆಗೂ ನಡುವೆ ಗಾಳಿ ನುಸುಳಲು ಹಿಂದೆಮುಂದೆ ನೋಡುವ ಜಾಗದಲ್ಲಿ ಇದು ಸಂಸಾರ ಹೂಡುತ್ತದೆ. ಕಣ್ಣು ಮಿಟುಕಿಸಿದರೆ ಇಲ್ಲಿದ್ದದ್ದು ಅಲ್ಲಿರುತ್ತದೆ, ನಡುವಿನ ದಾರಿ ಅದಕ್ಕೆ ಬೇಕಾಗಿಯೇ ಇಲ್ಲ.

ನಾನು ಹದಿನಾರು ವರ್ಷದ ಸೊಸೆಯಾಗಿ ಈ ಮನೆಯ ಹೊಸಿಲು ತುಳಿದಾಗಲೂ ಇವರ ವಂಶದವರು ದೇವರ ಪಟದ ಹಿಂದೆ ವಾಸವಾಗಿದ್ದರು. ಆವತ್ತು ಸಂಜೆ ಪಟದ ಅಂಚಿನಿಂದ ಒಂದು ಜೇಡ ಇಣುಕಿ ನನ್ನನ್ನು ನೋಡಿ, 'ಇವಳೂ ಬಂದಳೇ' ಎನ್ನುವ ಹಾಗೆ ಒಳಕ್ಕೆ ಸರಿದದ್ದು ನೆನಪಿದೆ. ಅತ್ತೆಯವರಿಗಿಂತ ಮೊದಲು ನನ್ನನ್ನು ಒಪ್ಪಿಕೊಂಡದ್ದು ಆ ಜೇಡವೇ. ಜಿರಲೆ, ನೊಣ, ಮಿಡತೆ ಏನೇ ಬರಲಿ, ಊಟ ಬಡಿಸೆಂದು ನಮ್ಮನ್ನು ಕೇಳದೆ ತನ್ನ ಪಾಡಿಗೆ ತಾನು ಬೇಟೆಯಾಡಿಕೊಂಡು ಉಣ್ಣುವ ಇಂಥ ನೆಂಟರು ಯಾರ ಮನೆಯಲ್ಲಿದ್ದಾರೆ ಹೇಳಿ.

ಇದರಲ್ಲೊಂದು ತಮಾಷೆಯಿದೆ. ನಾವು ಇದನ್ನು ಜೇಡ ಎನ್ನುತ್ತೇವೆ, ಕೆಂಚಾರ್ಲಹಳ್ಳಿಯ ಕಡೆ ತೆಲುಗಿನವರು ಸಾಲೆಪುರುಗು ಎನ್ನುತ್ತಾರೆ. ಎರಡರ ಅರ್ಥವೂ ನೇಯುವವನು ಎಂದೇ. ಆದರೆ ಈ ಗೋಡೆಯವಳು ಹುಟ್ಟಿದಂದಿನಿಂದ ಒಂದು ಮೊಳ ಬಲೆ ನೇಯ್ದವಳಲ್ಲ. ಹೊಟ್ಟೆಯಲ್ಲಿ ನೂಲಿದೆ, ಆದರೆ ಹೊಟ್ಟೆಪಾಡಿಗಾಗಿ ಅದನ್ನು ತೆಗೆಯುವುದಿಲ್ಲ. ಮೊಟ್ಟೆ ಇಡುವಾಗ ಮಾತ್ರ ತೆಗೆದು, ಎಂಟಾಣೆಯ ಅಗಲಕ್ಕೆ ಬೆಳ್ಳನೆಯ ಕಾಗದದಂಥ ಒಂದು ಬಿಲ್ಲೆ ಮಾಡಿ, ಮೊಟ್ಟೆಗಳನ್ನು ಅದರೊಳಗಿಟ್ಟು ಗೋಡೆಗೆ ಅಂಟಿಸಿ, ಮರಿಗಳು ಹೊರಬರುವ ತನಕ ಮೇಲೆ ಕಾವಲು ಕೂರುತ್ತಾಳೆ. ರೇಷ್ಮೆಹುಳದ ಹೊಟ್ಟೆಯ ನೂಲಿನಿಂದ ಬದುಕುವ ಮನೆ ನಮ್ಮದು. ನೂಲಿನ ಬೆಲೆ ನಮಗೆ ತಿಳಿಯದ್ದಲ್ಲ. ಇಷ್ಟು ನೂಲಿದ್ದೂ ಅದಷ್ಟನ್ನೂ ಮಕ್ಕಳ ಹೊದಿಕೆಗೆಂದೇ ಮೀಸಲಿಟ್ಟವಳನ್ನು ಕಂಡರೆ ನನಗೆ ಒಳಗೊಳಗೇ ಗೌರವ. ಹಾಗೆಂದು ನಾನೇನು ಸಾಧುವಲ್ಲ. ಸೊಪ್ಪು ಹೆಚ್ಚುವಾಗ ಬೆರಳು ಕೊಯ್ದುಕೊಂಡಾಗಲೆಲ್ಲ ಗೋಡೆಯಿಂದ ಒಂದು ಖಾಲಿ ಬಿಲ್ಲೆ ಕಿತ್ತು ಗಾಯಕ್ಕೆ ಅಂಟಿಸಿಕೊಂಡಿದ್ದೇನೆ. ನಮ್ಮ ಕಡೆಯವರೆಲ್ಲ ಮಾಡುವುದು ಅದನ್ನೇ, ರಕ್ತ ಅಲ್ಲಿಗೇ ನಿಲ್ಲುತ್ತದೆ. ಆತುರದಲ್ಲಿ ಯಾವತ್ತಾದರೂ ಖಾಲಿಯಲ್ಲದ್ದನ್ನೂ ಕಿತ್ತಿರಬಹುದು. ಆ ಋಣ ಇನ್ನೂ ನನ್ನ ಬೆರಳಿನಲ್ಲಿದೆ.

ಮಳೆಗಾಲದ ಕೊನೆಯಲ್ಲಿ ಒಂದು ಬೆಳಿಗ್ಗೆ ಗೌರಿಯ ಕೆನ್ನೆಯ ಮೇಲೆ ಬೆರಳೆಳೆದಂತೆ ಕೆಂಪು ಗೆರೆ, ಗೆರೆಯ ತುಂಬ ನೀರುಗುಳ್ಳೆ. ಮಗು ಉರಿಯಿಂದ ಚೀರುತ್ತಿತ್ತು. ಜೇಡ ಮೈಮೇಲೆ ಹರಿದರೆ ಇಂಥ ಗುಳ್ಳೆ ಏಳುತ್ತದೆಂದು ನಮ್ಮ ಸೀಮೆಯಲ್ಲಿ ಅಜ್ಜಿಯರ ಕಾಲದಿಂದ ನಂಬಿಕೆ. ಅಜ್ಜಿಯಾದ ನಾನೂ ನಂಬಿದ್ದೆ. ವಿಷಯ ಗಾಳಿಯಲ್ಲಿ ಹೋಯಿತೋ, ಬಸ್ಸಿನಲ್ಲಿ ಹೋಯಿತೋ, ಮೂರನೆಯ ದಿನ ಸೊಸೆ ಸರೋಜಳ ತಾಯಿ ನಂಜಮ್ಮನವರು ಬಂದಿಳಿದರು. ನಮ್ಮ ಬೀಗಿತ್ತಿ ಆಳಿನ ಎತ್ತರದಲ್ಲಿ ನನ್ನ ಭುಜಕ್ಕೆ ಬರುತ್ತಾರೆ, ದನಿಯಲ್ಲಿ ನಮ್ಮ ಮಾಳಿಗೆಗಿಂತ ಒಂದು ಗೇಣು ಮೇಲೆ. ಬಂದವರು ಕಾಲಿಗೆ ನೀರು ಕೂಡ ಹಾಕಿಕೊಳ್ಳಲಿಲ್ಲ. ತೊಟ್ಟಿಲ ಮೇಲಿನ ಗೋಡೆಯನ್ನು ನೋಡಿದರು. ನಮ್ಮ ಚಪ್ಪಟೆ ನೆಂಟ, ಗ್ರಹಚಾರ, ಆವತ್ತು ಹಗಲಿನಲ್ಲೇ ಅಲ್ಲಿ ಕೂತಿತ್ತು.

"ಏಮಮ್ಮಾ ಇದಿ! ಸಾಲೆಪುರುಗು ತಲೆ ಮೇಲಿಟ್ಕೊಂಡು ಕೂಸು ಮಲಗಿಸ್ತೀರಾ?" ಎಂದರು.

"ಅದು ತಲೆತಲಾಂತರದಿಂದ ಇದೆ ಕಣ್ರೀ ಬೀಗಿತ್ತಮ್ಮ. ಯಾರಿಗೂ ಏನೂ ಮಾಡಿಲ್ಲ," ಎಂದೆ.

"ಏನೂ ಮಾಡಿಲ್ವಾ? ಹಾಗಾದ್ರೆ ಕೂಸಿನ ಕೆನ್ನೆ ಮೇಲೆ ರಂಗೋಲಿ ಹಾಕ್ದೋರು ಯಾರು, ನೀವಾ? ನಿಮ್ಮ ಗೋಡೇಲಿ ಒಂದು ಜೇಡ ಇರೋವರೆಗೂ ಕೂಸು ಈ ಕಡೆ ಬರಲ್ಲ. ನಡಿಯೇ ಸರೋಜ."

ಸರೋಜ ನನ್ನ ಮುಖ ನೋಡಿದಳು. ನಾನು ಏನೆನ್ನಲಿ? ಗುಳ್ಳೆ ಎದ್ದಿದ್ದು ನಿಜ, ಗೋಡೆಯ ಮೇಲೆ ಜೇಡ ಕೂತಿದ್ದೂ ನಿಜ. ನ್ಯಾಯಸ್ಥಾನದಲ್ಲಿ ಆರೋಪಿಯ ಪಕ್ಕದಲ್ಲೇ ಸಿಕ್ಕಿಬಿದ್ದ ಸಾಕ್ಷಿಯಂತೆ ನಿಂತಿದ್ದೆ. ಬಸ್ಸು ಹೋಯಿತು.

ಅಂದಿನಿಂದ ನನಗೆ ಒಂದೇ ಕೆಲಸ. ಮನೆಯಲ್ಲಿ ಜೇಡ ಇಲ್ಲವಾಗಬೇಕು, ಮೊಮ್ಮಗಳು ಬರಬೇಕು. ಆ ವಾರವೇ ಮಲೇರಿಯಾದವರು ಬೆನ್ನಿಗೆ ಡಬ್ಬ ಕಟ್ಟಿಕೊಂಡು ಊರಿಗೆ ಬಂದದ್ದು ದೇವರೇ ಕಳಿಸಿದ ಹಾಗಾಯಿತು. ಮನೆಮನೆಯ ಗೋಡೆಗೆ ಡಿಡಿಟಿ ಹೊಡೆದು, ಬಾಗಿಲ ಮೇಲೆ ಅಂಕೆ ಬರೆದು ಹೋಗುತ್ತಾರಲ್ಲ, ಅವರು.

"ಒಂದು ಸಲ ಹೊಡೆದ್ರೆ ಸೊಳ್ಳೆ, ತಿಗಣೆ, ಜೇಡ ಎಲ್ಲಾ ಸಫಾ ಅಮ್ಮಾ," ಎಂದ ಬಂದವನು.

"ಜೊತೆಗೆ ನಮ್ಮ ಹುಳಾನೂ ಸಫಾ ಕಣಪ್ಪ. ಮುಂದಕ್ಕೆ ನಡಿ," ಎಂದರು ನಮ್ಮ ಯಜಮಾನರು. ರೇಷ್ಮೆ ಸಾಕುವವರ ಮನೆಯಲ್ಲಿ ಒಳಗೋಡೆಗೆ ಆ ನೀರು ಬೀಳಬಾರದು. ಒಮ್ಮೆ ಹಿಡಿದರೆ ಮುಂದಿನ ಬೆಳೆಗೂ ಬಿಡುವುದಿಲ್ಲ. ನಮ್ಮಲ್ಲಿ ಹುಳ ಬೇರೆ, ಮನುಷ್ಯರು ಬೇರೆ ಎಂಬ ಗೋಡೆಯೇ ಇಲ್ಲ, ಒಂದೇ ಹಜಾರದಲ್ಲಿ ಆ ಕಡೆ ಹುಳದ ತಟ್ಟೆಗಳು, ಈ ಕಡೆ ನಮ್ಮ ಚಾಪೆಗಳು. ಇದೆಲ್ಲ ಗೊತ್ತಿದ್ದೂ ನನ್ನ ಬಾಯಿಂದ, "ಹೊಡೀಲಿ ಬಿಡ್ರೀ," ಎಂದು ಬಂದುಬಿಟ್ಟಿತು.

ಯಜಮಾನರು ನನ್ನನ್ನು ಗುರುತು ಸಿಗದವರ ಹಾಗೆ ನೋಡಿದರು. "ನಾಲ್ಕನೇ ಜ್ವರದಿಂದ ಈಗ ತಾನೇ ಎದ್ದಿದಾವೆ ಕಣೇ. ಹಸ್ಕೊಂಡು ಬಾಯಿ ಬಿಡ್ತಾ ಇರೋ ಮಕ್ಕಳ ಮೇಲೆ ವಿಷ ಹೊಡೆಸ್ತೀಯಾ?"

ಹುಳ ಪೊರೆ ಬಿಡಲು ಮೇವು ಬಿಟ್ಟು ಕೂರುವುದನ್ನು ನಾವು ಜ್ವರವೆನ್ನುತ್ತೇವೆ. ತಟ್ಟೆಗಳ ಕಡೆ ನೋಡಿದೆ. ಸಾವಿರಾರು ಪುಟ್ಟ ತಲೆಗಳು ಸೊಪ್ಪಿಗಾಗಿ ಮೇಲೆತ್ತಿಕೊಂಡಿದ್ದವು. ಗೌರಿಯೂ ಹಸಿದಾಗ ಹೀಗೆಯೇ ಗಲ್ಲ ಎತ್ತುತ್ತಿದ್ದಳು. ಡಬ್ಬದವನು ಹೋದ. ನಾನು ಸೊಪ್ಪು ಹರಡಿದೆ, ಕಣ್ಣು ಸೆರಗಿನಲ್ಲಿ ಒರೆಸಿಕೊಂಡು.

ವಿಷವಿಲ್ಲದ ಯುದ್ಧ ಶುರುವಾಯಿತು. ದೀಪ ಹಚ್ಚಿದ ಕೂಡಲೇ ಒಂದು ಕೈಯಲ್ಲಿ ಕಂಚಿನ ಲೋಟ, ಇನ್ನೊಂದರಲ್ಲಿ ರಟ್ಟಿನ ತುಂಡು ಹಿಡಿದು ಗೋಡೆಗೆ ಮುಖ ಕೊಟ್ಟು ನಿಲ್ಲುತ್ತಿದ್ದೆ. ಲೋಟ ಕವುಚಿ, ಕೆಳಗೆ ರಟ್ಟು ತೂರಿಸಿ, ಬಾವಿಯ ಪಕ್ಕದ ಹುಣಸೆಮರಕ್ಕೆ ಬಿಟ್ಟು ಬರುವುದು. ಹೇಳಲು ಸುಲಭ. ಲೋಟ ಗೋಡೆ ಮುಟ್ಟುವಷ್ಟರಲ್ಲಿ ಅದು ತೊಲೆಯ ಮೇಲಿರುತ್ತಿತ್ತು. ಹತ್ತು ಸಲ ಬಡಿದರೆ ಒಂದು ಸಿಗುತ್ತಿತ್ತು. ಪಕ್ಕದ ಮನೆಯವರು ಗೋಡೆಯಾಚೆಯಿಂದ, "ಏನಕ್ಕಾ, ದಿನಾ ಸಂಜೆ ಭಜನೆನಾ?" ಎಂದು ಕೇಳಿದರು. ಇಷ್ಟು ಕಷ್ಟಪಟ್ಟು ಗಡೀಪಾರು ಮಾಡಿದರೆ, ಒಂದು ಕಾಲು ಕಳೆದುಕೊಂಡಿದ್ದ ಏಳುಕಾಲಿನವಳೊಬ್ಬಳು ಮೂರನೆಯ ಸಂಜೆ ಕ್ಯಾಲೆಂಡರಿನ ಹಿಂದಿನಿಂದ ಇಣುಕಬೇಕೇ! ಮಿಕ್ಕವರ ಮುಖ ನನಗೆ ಗುರುತಿಲ್ಲ. ಯಾರು ಯಾರು ವಾಪಸು ಬಂದಿದ್ದರೋ. ತವರಿನ ಸೆಳೆತ ಅವಕ್ಕೂ ಇರುತ್ತದೆ, ಅವುಗಳ ತವರಿಗೆ ನಾನೇ ಬಂದು ಸೇರಿದವಳು ಎನ್ನಿಸಿ ಲೋಟ ಕೆಳಗಿಟ್ಟೆ.

ಬೆಳೆ ಚೆನ್ನಾಗಿ ಬಂತು, ಗೂಡು ಬಿಡಿಸಿ ಸಂತೆಗೆ ಹೋಯಿತು. ಈ ನಡುವೆ ಕೃಷ್ಣಪ್ಪ ಎರಡು ಸಲ ಕೆಂಚಾರ್ಲಹಳ್ಳಿಗೆ ಹೋಗಿಬಂದ. ಮಗು ಹೇಗಿದೆಯೋ ಎಂದರೆ, "ಚೆನ್ನಾಗಿದಾಳಮ್ಮಾ," ಎಂದು ತಲೆ ಕೆರೆದುಕೊಂಡು ಹಿತ್ತಿಲಿಗೆ ಹೋಗುತ್ತಿದ್ದ. ಕಳೆದ ವಾರ ಬೀಗರ ಕೈಬರಹದಲ್ಲಿ ಒಂದು ಕಾರ್ಡು ಬಂತು. ಗುರುವಾರ ಮಗುವನ್ನು ಕರೆತರುತ್ತಿದ್ದೇವೆ, ಗೋಡೆ ನೋಡಿ ಮುಂದಿನ ತೀರ್ಮಾನ ಎಂದಿತ್ತು. ಹೆಣ್ಣು ನೋಡಲು ಬರುವುದನ್ನು ಕೇಳಿದ್ದೆ, ಗೋಡೆ ನೋಡಲು ಬರುವುದನ್ನು ಕೇಳಿರಲಿಲ್ಲ.

ಎರಡು ಬೆಳೆಯ ನಡುವೆ ಹುಳದ ಮನೆಯನ್ನು ಚೊಕ್ಕಟ ಮಾಡುವುದು ನಮ್ಮ ವಾಡಿಕೆ. ಬಿರುಕುಗಳಿಗೆ ಸಗಣಿ ಬೆರೆಸಿದ ಮಣ್ಣು ಮೆತ್ತಿ, ಮೇಲೆ ಸುಣ್ಣ ಬಳಿಯುತ್ತೇವೆ. ಈ ಸಲ ಮದುವೆಮನೆಗೆ ಬಳಿದಂತೆ ಬಳಿದೆ. ತೊಲೆಸಂದು, ಬಾಗಿಲ ಚೌಕಟ್ಟು, ಗೂಟದ ಬುಡ, ಒಂದು ಇರುವೆಯೂ ತೂರದಂತೆ ಎಲ್ಲ ಮುಚ್ಚಿದೆ. ಕ್ಯಾಲೆಂಡರು, ದೇವರ ಪಟ ಎಲ್ಲ ಇಳಿಸಿ ಪೆಟ್ಟಿಗೆಯ ಮೇಲೆ ಜೋಡಿಸಿದೆ. ಅಟ್ಟದ ಪಕ್ಕ ಒಬ್ಬಳು ಬಿಲ್ಲೆಯ ಮೇಲೆ ಕಾವಲು ಕೂತಿದ್ದಳು. ಬ್ರಷ್ಷು ಹತ್ತಿರ ತಂದರೂ ಕದಲಲಿಲ್ಲ. ಕಣ್ಣೆದುರೇ ಮಾಯವಾಗುವ ಜಾತಿಯವಳು, ಮಕ್ಕಳಿಗಾಗಿ ಓಡುವುದನ್ನೇ ಮರೆತು ಕೂತಿದ್ದಳು. ಅವಳನ್ನು ಬಳಸಿಕೊಂಡು ಸುತ್ತ ಬಳಿದೆ. ಗೋಡೆಯಲ್ಲಿ ಒಂದು ತಟ್ಟೆಯಷ್ಟಗಲ ಹಳೆಯ ಗೋಡೆ ಹಾಗೇ ಉಳಿಯಿತು. ಬೀಗಿತ್ತಿ ಬಂದಾಗ ಅಲ್ಲೊಂದು ಸೀರೆ ಒಣಗಹಾಕಿದರಾಯಿತು ಎಂದುಕೊಂಡೆ.

ನನ್ನ ಬುದ್ಧಿಗೆ ಹೊಳೆಯದೇ ಹೋದದ್ದು ಒಂದೇ. ಬಿರುಕು ಮುಚ್ಚಿದರೆ ಜೇಡ ಮನೆ ಬಿಟ್ಟು ಹೋಗುತ್ತದೆಂದು ಎಣಿಸಿದ್ದೆ. ಅದು ಬಿಟ್ಟದ್ದು ಬಿರುಕನ್ನು ಮಾತ್ರ. ಇವತ್ತು ಬೆಳಿಗ್ಗೆ ಎದ್ದು ನೋಡುತ್ತೇನೆ, ಬಚ್ಚಿಟ್ಟುಕೊಳ್ಳಲು ಒಂದು ಸಂದೂ ಇಲ್ಲದೆ ಇಡೀ ಸಂಸಾರ ಹಾಡಹಗಲೇ ಹಾಲಿನಂಥ ಗೋಡೆಯ ಮೇಲೆ! ನಿನ್ನೆಯವರೆಗೆ ಹೊಗೆ ಕುಡಿದು ಬೂದಿಬಣ್ಣಕ್ಕೆ ತಿರುಗಿದ್ದ ಗೋಡೆಯಲ್ಲಿ ಬೂದಿಬಣ್ಣದ ಜೇಡ ಹತ್ತಿರ ಹೋದರೂ ಕಾಣುತ್ತಿರಲಿಲ್ಲ. ಈಗ ಬೀದಿಯಿಂದಲೇ ಎಣಿಸಬಹುದು. ಎಣಿಸಿದೆ. ಬಿಲ್ಲೆಯವಳನ್ನು ಬಿಟ್ಟು ಹನ್ನೊಂದು. ಏಳುಕಾಲಿನವಳು ನಟ್ಟನಡುವೆ. ಲೋಟ ಹುಡುಕಲು ಓಡುವಷ್ಟರಲ್ಲಿ ಹೊರಗಡೆ ಬಸ್ಸಿನ ಹಾರನ್ ಕೇಳಿಸಿತು.

ನಂಜಮ್ಮನವರು ಹೊಸಿಲ ಮೇಲೆ ನಿಂತರು. ಕಂಕುಳಲ್ಲಿ ಗೌರಿ, ಹಿಂದೆ ಸರೋಜ, ಅವಳ ಹಿಂದೆ ಗಂಟು ಹೊತ್ತ ಕೃಷ್ಣಪ್ಪ. ಬೀಗಿತ್ತಿಯ ಕಣ್ಣು ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ಓದಿತು. ಮಗುವಿನ ಕಡೆ ಚಾಚಿದ ಕೈಯನ್ನು ಮುಂದೆ ನೀಡಲೂ ಆಗದೆ, ಹಿಂದೆ ತೆಗೆಯಲೂ ಆಗದೆ ನಿಂತೆ.

"ಏನ್ರೀ ಇದು, ಸುಣ್ಣ ಬಳಿದು ಎಲ್ಲಾರ್ನೂ ಕರೆಸಿದೀರಾ? ಮದುವೆನಾ, ನಾಮಕರಣನಾ?" ಎಂದರು.

ಆಗಲೇ ಗೌರಿ ಕತ್ತು ಮೇಲೆತ್ತಿದಳು. ಗಲ್ಲದ ಕೆಳಗೆ, ಬೆರಳೆಳೆದಂತೆ, ಆಗ ತಾನೇ ಒಣಗುತ್ತಿದ್ದ ಒಂದು ಕಂದುಗೆರೆ.

"ಇದೇನು ಬೀಗಿತ್ತಮ್ಮ?" ಎಂದೆ.

ನಂಜಮ್ಮನವರು ತೊಲೆ ನೋಡಿದರು. ಸರೋಜ ತಡೆಯಲಾರದೆ, "ಅತ್ತೆಮ್ಮಾ, ನಮ್ಮಮ್ಮನ ಮನೇಲೂ ಎದ್ದಿತ್ತು. ಎರಡು ಸಲ! ಅಲ್ಲಿ ಹೊಸಾ ಸಿಮೆಂಟು ಗೋಡೆ, ಒಂದು ಜೇಡಾನೂ ಇಲ್ಲ. ಆಸ್ಪತ್ರೆ ಕಾಂಪೌಂಡರು ನೋಡಿ, ಜೇಡ ಅಲ್ಲಮ್ಮ, ದೀಪಕ್ಕೆ ಬರೋ ಇರುವೆಯಂಥ ಕೆಂಪು-ಕಪ್ಪು ಹುಳ, ಮೈಮೇಲೆ ಅರೆದುಹೋದ್ರೆ ಹಿಂಗಾಗುತ್ತೆ ಅಂದ್ರು," ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಬಾಯಿ ಮುಚ್ಚೇ," ಎಂದರು ನಂಜಮ್ಮನವರು, ಆದರೆ ದನಿ ಮಾಳಿಗೆ ಮುಟ್ಟಲಿಲ್ಲ.

"ಯಾವಾಗ ಅಂದ್ರಂತೆ?" ಎಂದು ಸರೋಜಳನ್ನು ಕೇಳಿದೆ.

"ಇಲ್ಲಿಂದ ಹೋಗಿ ಹದಿನೈದು ದಿನಕ್ಕೇ, ಅತ್ತೆಮ್ಮಾ."

ಮಗನ ಕಡೆ ತಿರುಗಿದೆ. "ನಿಂಗೂ ಗೊತ್ತಿತ್ತೇನೋ?"

"ನಂಗೆ ಯಾಕಮ್ಮಾ ಈ ಪಂಚಾಯಿತಿ? ಅವರು ಹೇಳ್ಬೇಡ ಅಂದ್ರು. ನಿಂಗೆ ಹೇಳಿದ್ರೆ ನೀನು ಅವರ ಮೇಲೆ ಹೋಗ್ತಿದ್ದೆ," ಎಂದು ಕೃಷ್ಣಪ್ಪ ಗಂಟು ಇಳಿಸುವ ನೆಪದಲ್ಲಿ ಅದರ ಹಿಂದೆ ಮರೆಯಾದ. ಅಂದರೆ ಒಂದೂವರೆ ತಿಂಗಳು! ಒಂದೂವರೆ ತಿಂಗಳು ನಾನು ಲೋಟ ಹಿಡಿದು, ಸುಣ್ಣ ಹಿಡಿದು ನಿರಪರಾಧಿಗಳನ್ನು ಅಟ್ಟಿಸಿಕೊಂಡು ಕುಣಿದಿದ್ದೇನೆ. ಬಾಯಿ ತೆರೆದೆ. ಎರಡು ತಿಂಗಳ ಮಾತು ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತಿತ್ತು.

ನಂಜಮ್ಮನವರು ಗೌರಿಯ ಟೋಪಿ ಸರಿಮಾಡುತ್ತ, ನನ್ನ ಕಡೆ ನೋಡದೆ ಹೇಳಿದರು: "ಬೈಯ್ರಿ, ಬೈಸ್ಕೊಂತೀನಿ. ಕಾಂಪೌಂಡರು ಅಂದ ದಿನವೇ ಕಾರ್ಡು ಹಾಕ್ಬೇಕಿತ್ತು. ನಾಳೆ ಹಾಕಣ, ನಾಳೆ ಹಾಕಣ ಅಂದ್ಕೊಂಡೆ. ಇದು ಬೆಳಿಗ್ಗೆ ಎದ್ದು ನನ್ನ ಮೂಗು ಹಿಡ್ಕೊಂಡು ನಗೋದು. ಬಿಟ್ಟಿರಕ್ಕೆ ಆಗ್ಲಿಲ್ಲ ಕಣ್ರೀ."

ನಾಲಿಗೆಯ ತುದಿಯ ಸಾಲು ಅಲ್ಲಿಗೇ ಚದುರಿತು. ನಾನಾಗಿದ್ದರೆ? ಬೀಗರ ಮನೆಯ ಗೋಡೆಯಲ್ಲಿ ಜೇಡ ಸಿಗದಿದ್ದರೆ ಹಲ್ಲಿಯನ್ನಾದರೂ ಹುಡುಕಿ ತೋರಿಸುತ್ತಿದ್ದೆ, ಹಲ್ಲಿಯೂ ಇಲ್ಲದಿದ್ದರೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಾದರೂ ಮಗುವನ್ನು ಉಳಿಸಿಕೊಳ್ಳುತ್ತಿದ್ದೆ. ಕದಲದೆ ಕೂರುವುದು ಅಟ್ಟದ ಪಕ್ಕದವಳ ಒಬ್ಬಳ ಗುಣವೇನಲ್ಲ. ಬ್ರಷ್ಷು ಹತ್ತಿರ ಬಂದಾಗ ಯಾವ ಹೆಂಗಸು ತಾನೆ ಬಿಲ್ಲೆ ಬಿಟ್ಟು ಓಡುತ್ತಾಳೆ? ನಾನು ನಗಲು ಶುರುಮಾಡಿದೆ. ನಂಜಮ್ಮನವರೂ ನಕ್ಕರು. ನಾವಿಬ್ಬರೂ ಯಾಕೆ ನಗುತ್ತಿದ್ದೇವೆಂದು ತಿಳಿಯದ ಗೌರಿ ಎಲ್ಲರಿಗಿಂತ ಜೋರಾಗಿ ನಕ್ಕು, ನನ್ನ ಚಾಚಿದ ಕೈಗೆ ಧೊಪ್ಪನೆ ಬಿದ್ದಳು. ಹೋಗುವಾಗ ಇದ್ದುದಕ್ಕಿಂತ ಭಾರವಾಗಿದ್ದಾಳೆ. ಅಮ್ಮಮ್ಮನ ಮನೆಯ ಬೆಣ್ಣೆ, ಸುಳ್ಳು ಹೇಳಬಾರದು.

ಬೀಗಿತ್ತಿಯನ್ನು ಸಂಜೆಯ ಬಸ್ಸಿಗೆ ಬಿಡಲಿಲ್ಲ. ಇಬ್ಬರೂ ಜಗಲಿಯ ಮೇಲೆ ಕೂತು ಈ ವರ್ಷದ ಮೊದಲ ಅವರೆಕಾಯಿ ಸುಲಿದೆವು, ಕಾಳು ನೆನೆಸಿ ಸಿಪ್ಪೆ ಹಿತಕಿದೆವು, ಅತ್ತೆಯರ ಕಾಲದ ಸುದ್ದಿಯನ್ನೆಲ್ಲ ಅದರ ಜೊತೆಗೇ ಹಿತಕಿ ತೆಗೆದೆವು. ದೀಪ ಹಚ್ಚುವ ಹೊತ್ತಿಗೆ ಹಿತಕಿದ ಬೇಳೆಯ ಸಾರು ಕುದಿಯುತ್ತಿತ್ತು. ಕಾಂಪೌಂಡರ ಮಾತಿಗೆ ಮರ್ಯಾದೆ ಕೊಟ್ಟು ಕೃಷ್ಣಪ್ಪ ಲಾಟೀನನ್ನು ಅಷ್ಟು ದೂರದ ಗೂಟಕ್ಕೆ ನೇತುಹಾಕಿದ. ಹುಳುಗಳು ಅಲ್ಲಿಗೆ ಹೋದವು, ನಮ್ಮ ಹನ್ನೊಂದು ಜನ ಅವುಗಳ ಹಿಂದೆ ಅಲ್ಲಿಗೇ ಹೋದರು. ಅವರ ಊಟ ಅಲ್ಲಿ, ನಮ್ಮ ಊಟ ಇಲ್ಲಿ. ಅರೆಗತ್ತಲಲ್ಲಿ ಎಲ್ಲರೂ ಸಾಲಾಗಿ ಕೂತೆವು. ಯಜಮಾನರು, ಮಗ, ಬಡಿಸಿ ಬಂದ ಸರೋಜ, ಕೊನೆಯಲ್ಲಿ ಇಬ್ಬರು ಅಜ್ಜಿಯರು, ನಮ್ಮಿಬ್ಬರ ಮಂಡಿಯ ಮೇಲೂ ಒಂದೊಂದು ಕಾಲು ಹಾಕಿಕೊಂಡು ಗೌರಿ.

ನಾನು ದೊಡ್ಡದೊಂದು ತುತ್ತು ಮುದ್ದೆ ಬಾಯಿಗಿಟ್ಟ ಸಮಯ ನೋಡಿ ನಂಜಮ್ಮನವರು ಮೆಲ್ಲಗೆ ಕೇಳಿದರು: "ಕೂಸಿಗೆ ಇದು ಮೊದಲ್ನೇ ಸಂಕ್ರಾಂತಿ. ತಲೆ ಮೇಲೆ ಎಲಚಿ ಹಣ್ಣು ಎರೆಯೋ ಶಾಸ್ತ್ರ ನಮ್ಮನೇಲಿ ಮಾಡಣವಾ?"

ಸಾಲಿನಲ್ಲಿ ಎಲ್ಲರ ಕೈಯೂ ನಿಂತಿತು. ಮುದ್ದೆ ಬಾಯಲ್ಲಿದ್ದಾಗ ಮಾತಾಡಲಾಗುವುದಿಲ್ಲ, ಜಗಿಯುವಂತೆಯೂ ಇಲ್ಲ, ನುಂಗುವವರೆಗೆ ಯೋಚಿಸಬಹುದು ಅಷ್ಟೆ. ಈ ಹಜಾರದಲ್ಲಿ, ಈ ಸುಣ್ಣದ ಗೋಡೆಯ ಕೆಳಗೆ ಆ ಶಾಸ್ತ್ರ ಮಾಡಬೇಕೆಂದು ನಾನು ಎರಡು ತಿಂಗಳಿಂದ ಕನಸು ಕಂಡಿದ್ದೆ. ಯೋಚಿಸಿದೆ. ನುಂಗಿದೆ.

"ಆಗ್ಲಿ. ಆದರೆ ಕೂಸನ್ನ ಕಳಿಸಲ್ಲ, ಕರ್ಕೊಂಡು ಬರ್ತೀವಿ. ಮನೆಮಂದಿ ಎಲ್ಲಾ," ಎಂದೆ.

"ಎಲ್ಲಾನೂ ಅಂದ್ರೆ?" ಎಂದು ನಂಜಮ್ಮನವರು ಲಾಟೀನಿನ ಗೋಡೆಯ ಕಡೆ ಕಣ್ಣು ಹಾಯಿಸಿದರು. ಯಜಮಾನರಿಗೆ ಸಾರು ನೆತ್ತಿಗೇರಿತು, ಸರೋಜ ನಗುತ್ತಲೇ ನೀರಿನ ಚೊಂಬು ಮುಂದೆ ತಳ್ಳಿದಳು, ನಾನು ಬೀಗಿತ್ತಿಯ ತಟ್ಟೆಗೆ ಬೇಡವೆಂದರೂ ಬಿಡದೆ ಇನ್ನೊಂದು ಅರ್ಧ ಮುದ್ದೆ ಇಟ್ಟೆ. ಗೌರಿ ಎರಡೂ ತಟ್ಟೆಗೆ ಒಂದೊಂದು ಕೈ ಹಾಕಿ, ಇಬ್ಬರು ಅಜ್ಜಿಯರ ಸಾರನ್ನೂ ಒಟ್ಟಿಗೇ ಬಾಯಿಗಿಟ್ಟುಕೊಂಡಳು.